ಹಳೆಯ ಅಲ್ಯೂಮಿನಿಯಂ ಮೀನುದೋಣಿಯ ದುರಸ್ತಿ ಮತ್ತು ಮರುಸಜ್ಜು: ಕಲಬುರಗಿ, ಬೀದರ್, ಯಾದಗಿರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಂಜಾ, ಬೆಣ್ಣೆತೊರಾ, ಅಮರ್ಜಾ, ಚಂದ್ರಂಪಳ್ಳಿ ಜಲಾಶಯಗಳಲ್ಲಿ, ಭೀಮಾ ನದಿಯ ಸೊನ್ನ ಮತ್ತು ಸನ್ನತಿ ಬ್ಯಾರೇಜುಗಳ ಹಿನ್ನೀರಿನಲ್ಲಿ, ನಾರಾಯಣಪುರದ ಬಸವಸಾಗರದಲ್ಲಿ ಬಲೆ ಬಿಡುವವರೂ ಗಾಳ ಹಾಕುವವರೂ ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಉತ್ತರಗಳೆಲ್ಲದರ ಹಿಂದೆ ಇರುವ ತಿಳಿವಳಿಕೆ ಒಂದೇ: ಸಿಹಿನೀರಿನಲ್ಲಿ ಅಲ್ಯೂಮಿನಿಯಂ ತಾನಾಗಿ ಕೆಡುವುದು ಬಹಳ ಕಡಿಮೆ; ಅದಕ್ಕೆ ಅಂಟಿಕೊಂಡು ಕುಳಿತ ಒದ್ದೆ ಮರ, ಒದ್ದೆ ಮಣ್ಣು, ತಾಮ್ರ, ಹಿತ್ತಾಳೆ, ಸುಣ್ಣಗಳೇ ಅದನ್ನು ತಿನ್ನುತ್ತವೆ.

## ಕೊಳ್ಳುವ ಮುಂಚೆ

ನಮ್ಮ ಭಾಗದಾಗ ಹರಿಗೋಲು ಅದಾವ, ಫೈಬರ್ ದೋಣಿ ಅದಾವ. ಅಲ್ಯೂಮಿನಿಯಂ ದೋಣಿ ಯಾಕ ಬೇಕ್ರಿ?

ಎಲ್ಲರಿಗೂ ಬೇಕಿಲ್ಲ. ಒಬ್ಬರೇ ದಂಡೆಯ ಹತ್ತಿರ ಬಲೆ ಬಿಟ್ಟು ಎತ್ತುವವರಿಗೆ ಹರಿಗೋಲು ಸಾಕು. ಅದರ ಖರ್ಚಿಗೂ ಹಗುರಕ್ಕೂ ಸಾಟಿಯಿಲ್ಲ. ಆದರೆ ಜಲಾಶಯದ ನಡುವಿಗೆ ಹೋಗುವವರು, ಎಂಜಿನ್ ಕಟ್ಟುವವರು, ಮುಳುಗಡೆಯಾದ ಊರಿನ ಗೋಡೆಗಳ ಮತ್ತು ಮರದ ಮೋಟುಗಳ ಮೇಲೆ ಹಾಯಬೇಕಾದವರು ಲೋಹದ ದೋಣಿಯನ್ನು ಯೋಚಿಸಬಹುದು. ಕಬ್ಬಿಣದ ಸಾಂದ್ರತೆ ಸುಮಾರು 7.8 ಇದ್ದರೆ ಅಲ್ಯೂಮಿನಿಯಮಿನದು 2.7 ಮಾತ್ರ, ಆದ್ದರಿಂದ 12 ಅಡಿಯ ದೋಣಿಯನ್ನು ಇಬ್ಬರು ಮೂವರು ಎತ್ತಿ ವಾಹನಕ್ಕೆ ಹಾಕಬಹುದು. ಬಂಡೆಗೆ ಬಡಿದಾಗ ಫೈಬರ್ ಸೀಳುತ್ತದೆ, ಅಲ್ಯೂಮಿನಿಯಂ ಹೆಚ್ಚಾಗಿ ತಗ್ಗಾಗಿ ಉಳಿಯುತ್ತದೆ. ಇದರ ಕೊರತೆಗಳು ಎರಡು: ನೀರಿನ ಅಲೆ ಬಡಿದಾಗ ಸದ್ದು ಮಾಡುತ್ತದೆ, ಮತ್ತು ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಬರಿಗಾಲಿಡಲಾಗದಷ್ಟು ಕಾಯುತ್ತದೆ.

ಗುಜರಿಯಾಗ ಒಂದು ಹಳೀ ದೋಣಿ ಬಿದ್ದದ. ತಗೋಬೇಕೋ ಬ್ಯಾಡೋ, ನೋಡಿದ ಕೂಡ್ಲೆ ಹ್ಯಾಂಗ ಗೊತ್ತಾಗ್ತದ?

ನೋಡಿದ ಕೂಡಲೇ ಗೊತ್ತಾಗುವುದಿಲ್ಲ, ಅರ್ಧ ದಿನ ಕೊಡಬೇಕು. ಹೋಗುವಾಗ ಒಂದು ಸಣ್ಣ ಸುತ್ತಿಗೆ, ಒಂದು ದಬ್ಬಣ, ಒಂದು ಅಯಸ್ಕಾಂತ, ಉದ್ದನೆಯ ದಾರ ಮತ್ತು ಬ್ಯಾಟರಿ ದೀಪ ಇರಲಿ.

ಮೊದಲು ದೋಣಿಯನ್ನು ಬೋರಲು ಹಾಕಿಸಿ, ತಳದ ನಡುಗೆರೆಯ ಉದ್ದಕ್ಕೂ ಮೂತಿಯಿಂದ ಹಿಂಬದಿಯವರೆಗೆ ದಾರವನ್ನು ಬಿಗಿಯಾಗಿ ಹಿಡಿಸಿ. ಕಟ್ಟಿದವರೇ ಕೊಟ್ಟ ಸಹಜ ಬಾಗು ಎಲ್ಲ ಕಡೆ ಸಮನಾಗಿ ಹೊರಳುತ್ತದೆ. ಒಂದೇ ಕಡೆ ಮುರಿದಂತೆ ತಿರುವು ಕಂಡರೆ ದೋಣಿ ಎಲ್ಲೋ ಬಲವಾಗಿ ಬಿದ್ದಿದೆ ಅಥವಾ ಭಾರ ಹೊತ್ತು ಬಂಡೆಗೆ ಕೂತಿದೆ ಎಂದು ತಿಳಿಯಬೇಕು. ಅಂಥದ್ದನ್ನು ನೆಟ್ಟಗೆ ಮಾಡುವುದು ಹಳ್ಳಿಯ ವರ್ಕ್‌ಶಾಪಿನ ಕೆಲಸವಲ್ಲ. ಆಮೇಲೆ ಒಳಗಿನ ಪಕ್ಕೆಲುಬುಗಳನ್ನು ಒಂದೊಂದಾಗಿ ನೋಡಿ. ಒಂದೆರಡು ಸೀಳಿದ್ದರೆ ದುರಸ್ತಿಯಾಗುತ್ತದೆ, ಸಾಲಾಗಿ ಸೀಳಿದ್ದರೆ ಆ ದೋಣಿ ತನ್ನ ಆಯುಷ್ಯ ಮುಗಿಸಿದೆ.

ನಂತರ ಬಿಳಿ ಪುಡಿಯನ್ನು ಹುಡುಕಬೇಕು. ಸೀಟಿನ ಕೆಳಗೆ, ಹಲಗೆ ತಗುಲಿದ ಜಾಗದಲ್ಲಿ, ಬೋಲ್ಟಿನ ಸುತ್ತ ಸುಣ್ಣ ಉದುರಿದಂತೆ ಕಾಣುವುದೇ ಅಲ್ಯೂಮಿನಿಯಮಿನ ತುಕ್ಕು. ಅದನ್ನು ಕೆರೆದು ದಬ್ಬಣದ ಮೊನೆಯಿಂದ ಗುಳಿಯ ಆಳವನ್ನು ನೋಡಿ. ಇಂಥ ದೋಣಿಗಳ ತಗಡು ಸಾಮಾನ್ಯವಾಗಿ 1.6 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಗುಳಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಶುಚಿ ಮಾಡಿ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಬಹುದು. ಅರ್ಧ ದಾಟಿದ್ದರೆ ಆ ಜಾಗಕ್ಕೆ ತೇಪೆ ಬೇಕೇ ಬೇಕು. ಎಂಜಿನ್ ಕಚ್ಚಿಸುವ ಹಿಂಬದಿ ಗೋಡೆಯನ್ನು, ಅಂದರೆ ಟ್ರಾನ್ಸಮನ್ನು, ಸುತ್ತಿಗೆಯಿಂದ ತಟ್ಟಿ ಕೇಳಿ: ಒಳಗಿನ ಮರ ಗಟ್ಟಿಯಿದ್ದರೆ ಖಣ್ ಎನ್ನುತ್ತದೆ, ಕೊಳೆತಿದ್ದರೆ ಮಂಕಾದ ಸದ್ದು ಬರುತ್ತದೆ. ಅಯಸ್ಕಾಂತ ಅಂಟಿದ ಕಡೆಯೆಲ್ಲ ಯಾರೋ ಕಬ್ಬಿಣ ಸೇರಿಸಿದ್ದಾರೆ ಎಂದು ಗುರುತು ಹಾಕಿಕೊಳ್ಳಿ, ಅದೆಲ್ಲ ತೆಗೆಯಬೇಕಾದದ್ದು.

ಬೆಲೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ. ಆ ದೋಣಿಯನ್ನು ತೂಕ ಹಾಕಿ ಅಲ್ಯೂಮಿನಿಯಂ ಗುಜರಿಯ ಆ ದಿನದ ದರಕ್ಕೆ ಗುಣಿಸಿ. ಅದು ತಳದ ಬೆಲೆ. ಮಾರುವವರು ಅದಕ್ಕಿಂತ ಎಷ್ಟು ಹೆಚ್ಚು ಕೇಳುತ್ತಾರೋ ಅಷ್ಟಕ್ಕೆ ನಿಮಗೆ ಗಟ್ಟಿ ಪಕ್ಕೆಲುಬು, ನೆಟ್ಟಗಿನ ತಳ, ಒಳ್ಳೆಯ ಟ್ರಾನ್ಸಂ ಸಿಗುತ್ತಿವೆಯೇ ಎಂದು ಕೇಳಿಕೊಳ್ಳಿ. ಬಣ್ಣದ ಹೊಳಪಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಸಮುದ್ರದ ಕಡೆಯಿಂದ ತಂದ ದೋಣಿ ಅಗ್ಗಕ್ಕೆ ಬರ್ತಾ ಇದೆ. ಉಪ್ಪು ತಿಂದಿರುತ್ತೆ ಅಂತಾರೆ, ನಿಜವೇ?

ತಿಂದಿರಬಹುದು, ಆದರೆ ಅದೊಂದೇ ಕಾರಣಕ್ಕೆ ಬಿಡಬೇಕಾಗಿಲ್ಲ. ಒಳಗಿನ ಹಲಗೆ ಮತ್ತು ತೇಲಲೆಂದು ತುಂಬಿದ ಸ್ಪಂಜಿನಂಥ ಫೋಮನ್ನು ಪೂರ್ತಿ ಕಿತ್ತು, ಮೂಲೆ ಮೂಲೆಗೂ ಸಿಹಿನೀರನ್ನು ಹಲವು ಬಾರಿ ಹರಿಸಿದ ಮೇಲಷ್ಟೇ ಲೋಹದ ನಿಜ ಸ್ಥಿತಿ ಕಾಣುತ್ತದೆ. ತಳಕ್ಕೆ ಕಂದುಗೆಂಪು ಬಣ್ಣ ಬಳಿದಿದ್ದರೆ ಮಾತ್ರ ಎಚ್ಚರ ಬೇಕು. ಕಪ್ಪೆಚಿಪ್ಪು ಕಟ್ಟದಂತೆ ಸಮುದ್ರದ ದೋಣಿಗಳಿಗೆ ಬಳಿಯುವ ಬಣ್ಣಗಳಲ್ಲಿ ಅನೇಕವು ತಾಮ್ರದ್ದು. ಅದು ಅಲ್ಯೂಮಿನಿಯಮಿಗೆ ಶತ್ರು. ಅದನ್ನು ಒದ್ದೆ ಮಾಡಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಉಜ್ಜಿ ತೆಗೆಯಬೇಕು. ನಮ್ಮ ಜಲಾಶಯಗಳಿಗೆ ಅಂಥ ಬಣ್ಣದ ಅಗತ್ಯವೇ ಇಲ್ಲ.

ಇದಕ್ಕೆ ಲೈಸೆನ್ಸು, ರಿಜಿಸ್ಟ್ರೇಷನ್ ಏನಾದರೂ ಬೇಕಾ ಸರ್?

ಎರಡು ಬೇರೆ ಬೇರೆ ವಿಷಯಗಳಿವೆ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಗುತ್ತಿಗೆ ಅಥವಾ ಪರವಾನಗಿಯಿಂದ ಬರುತ್ತದೆ, ದೋಣಿ ಇದ್ದ ಮಾತ್ರಕ್ಕೆ ಬರುವುದಿಲ್ಲ. ದೋಣಿಯ ನೋಂದಣಿಗೆ 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದಿರುವ 2021ರ ಒಳನಾಡು ನೌಕೆಗಳ ಕಾಯ್ದೆ ಅನ್ವಯಿಸುತ್ತದೆ. ಎಂಜಿನ್ ಕಟ್ಟಿದ ದೋಣಿಗೆ ಅದು ಮುಖ್ಯ. ಎಂಜಿನ್ ಕೊಳ್ಳುವ ಮೊದಲೇ ಆ ಜಲಾಶಯದ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ಕುಡಿಯುವ ನೀರಿನ ಮೂಲಗಳಲ್ಲಿ ಬೇರೆ ನಿರ್ಬಂಧಗಳೂ ಇರಬಹುದು. ಹರಾಜಿನ ಪತ್ರ ಅಥವಾ ಕೊಂಡ ರಸೀದಿಯನ್ನು ಎತ್ತಿಡಿ.

## ಸೋರಿಕೆ ಮತ್ತು ಶುಚಿ

ಸೋರ್ತದ ಅಂತ ಗೊತ್ತದ, ಎಲ್ಲಿ ಸೋರ್ತದ ಅಂತ ಗೊತ್ತಾಗವಲ್ದು. ಏನ್ ಮಾಡ್ಬೇಕು?

ದೋಣಿಯನ್ನು ನೀರಿನೊಳಗೆ ಇಡುವ ಬದಲು ನೀರನ್ನು ದೋಣಿಯೊಳಗೆ ಇಡಿ. ನಾಲ್ಕೈದು ಕಡೆ ಮರದ ದಿಮ್ಮಿಗಳ ಮೇಲೆ, ಕೆಳಗೆ ಬಗ್ಗಿ ನೋಡುವಷ್ಟು ಎತ್ತರಕ್ಕೆ ಕೂರಿಸಿ, ಒಳಗೆ ಒಂದು ಗೇಣಿಗಿಂತ ಕಡಿಮೆ ನೀರು ತುಂಬಿ. 12 ಅಡಿ ಉದ್ದ, 4 ಅಡಿ ಅಗಲದ ಚಪ್ಪಟೆ ತಳದಲ್ಲಿ 10 ಸೆಂ.ಮೀ. ನೀರು ನಿಂತರೆ ಅದೇ 400 ಕೆ.ಜಿ. ದಾಟುತ್ತದೆ; ದಿಮ್ಮಿಗಳು ಪಕ್ಕೆಲುಬುಗಳ ಕೆಳಗೇ ಇರಬೇಕು, ಇಲ್ಲವಾದರೆ ಪರೀಕ್ಷೆಯೇ ತಳವನ್ನು ಬಾಗಿಸುತ್ತದೆ. ಹೊರಗಿನಿಂದ ಒಣಬಟ್ಟೆಯಲ್ಲಿ ಒರೆಸಿ, ಹನಿ ಮೂಡಿದ ಕಡೆಯೆಲ್ಲ ಮಾರ್ಕರ್ ಪೆನ್ನಿನಿಂದ ಸುತ್ತು ಹಾಕಿ. ನೀರು ತಗಡಿನ ಅಂಚನ್ನು ಹಿಡಿದು ಹರಿದು ಬೇರೆ ಕಡೆ ತೊಟ್ಟಿಕ್ಕುವುದರಿಂದ, ಹನಿ ಬೀಳುವ ಜಾಗವನ್ನಲ್ಲ, ಹನಿ ಹುಟ್ಟುವ ಜಾಗವನ್ನು ಗುರುತಿಸಬೇಕು.

ಎಂ-ಸೀಲ್ ಹಚ್ಚಿದ್ರ ಸಾಕಲ್ಲೇನ್ರಿ?

ನಡುನೀರಿನಲ್ಲಿ ತೂತು ಬಿದ್ದರೆ ದಡ ಸೇರಲು ಸಾಕು. ಶಾಶ್ವತ ದುರಸ್ತಿಗೆ ಸಾಲದು, ಏಕೆಂದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ದೋಣಿ ಗಟ್ಟಿಯಾಗಿ ನಿಲ್ಲುವುದಿಲ್ಲ. 12 ಅಡಿಯ ಅಲ್ಯೂಮಿನಿಯಂ ತಗಡು ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ ಬಿಸಿಲಿಗೆ 60 ಡಿಗ್ರಿ ಕಾದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಜೊತೆಗೆ ಅಲೆಗೆ ತಳ ಬಾಗಿ ಏಳುತ್ತದೆ. ಗಡುಸಾದ ಪುಟ್ಟಿ ಅಂಚಿನಲ್ಲಿ ಬಿಟ್ಟುಕೊಂಡು ಅದರಡಿ ನೀರು ನಿಲ್ಲುತ್ತದೆ. ರಿವೆಟ್ ಸಾಲುಗಳಿಗೆ ಒಳಗಿನಿಂದ ಬಳಿಯಲು ಬಾಗುವ ಗುಣವಿರುವ ಎರಡು ಭಾಗದ ಎಪಾಕ್ಸಿ ಅಥವಾ ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್ ಬಳಸಿ. ಬಚ್ಚಲಿಗೆ ಹಾಕುವ ಸಿಲಿಕೋನ್ ಬೇಡ. ಅದು ಬಿಟ್ಟುಹೋದ ಮೇಲೂ ಅದರ ಜಿಡ್ಡು ಉಳಿದು, ಆ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ.

ಹರಿಗೋಲಿಗಿ ಹಚ್ಚಿದಂಗ ಡಾಂಬರು ಹಚ್ಚಿಬಿಟ್ರ ಹ್ಯಾಂಗ?

ಡಾಂಬರು ಅಲ್ಯೂಮಿನಿಯಮನ್ನು ತಿನ್ನುವುದಿಲ್ಲ, ಆ ಮಟ್ಟಿಗೆ ಭಯವಿಲ್ಲ. ಆದರೆ ಹರಿಗೋಲಿನ ಬಟ್ಟೆ ಅಥವಾ ಚೀಲ ಡಾಂಬರನ್ನು ಹೀರಿ ಹಿಡಿದುಕೊಳ್ಳುವಂತೆ ನುಣುಪು ಲೋಹ ಹಿಡಿಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಅದು ಮೆತ್ತಗಾಗಿ ಇಳಿಯುತ್ತದೆ, ಬಲೆಗೂ ಬಟ್ಟೆಗೂ ಹತ್ತುತ್ತದೆ, ಮತ್ತು ಮುಂದೆ ರಿವೆಟ್ ಅಥವಾ ವೆಲ್ಡಿಂಗ್ ಮಾಡಬೇಕಾದಾಗ ಅದನ್ನು ಕೀಳುವುದೇ ದೊಡ್ಡ ಕೆಲಸವಾಗುತ್ತದೆ. ಒಮ್ಮೆ ಡಾಂಬರು ಕುಡಿದ ಹಳೆಯ ದೋಣಿಯ ಬಿರುಕುಗಳನ್ನು ಹುಡುಕುವುದು ಎಷ್ಟು ಬೇಸರದ ಕೆಲಸವೆಂದು ಮಾಡಿದವರಿಗೇ ಗೊತ್ತು.

ಕಪ್ಪಾಗಿ, ಬಿಳಿ ಕಲೆ ಕಟ್ಟಿದೆ. ಬಾತ್‌ರೂಮ್ ಆ್ಯಸಿಡ್ ಇಲ್ಲವೇ ಕಾಸ್ಟಿಕ್ ಸೋಡಾ ಹಾಕಿ ತೊಳೆಯಬಹುದೆ?

ಎರಡೂ ಬೇಡ. ಬಾತ್‌ರೂಮ್ ಆ್ಯಸಿಡ್ ಹೈಡ್ರೋಕ್ಲೋರಿಕ್ ಆಮ್ಲ, ಅದು ಗುಳಿ ತೋಡುತ್ತದೆ. ಕಾಸ್ಟಿಕ್ ಸೋಡಾ ಇನ್ನೂ ಕೆಟ್ಟದ್ದು: ಅಲ್ಯೂಮಿನಿಯಮನ್ನು ಕರಗಿಸುತ್ತಾ, ಬೆಂಕಿ ತಗುಲಿದರೆ ಹೊತ್ತುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಅಲ್ಯೂಮಿನಿಯಮಿನ ಮೇಲೆ ತಾನಾಗಿ ಕಟ್ಟಿಕೊಳ್ಳುವ ತೆಳು ಆಕ್ಸೈಡ್ ಪದರವೇ ಅದರ ರಕ್ಷಣೆ. ತೀರಾ ಹುಳಿ ಅಥವಾ ತೀರಾ ಕ್ಷಾರವಾದ ನೀರಿನಲ್ಲಿ ಆ ಪದರ ಉಳಿಯುವುದಿಲ್ಲ. ಪಾತ್ರೆ ತೊಳೆಯುವ ಸಾದಾ ಸೋಪು ಮತ್ತು ನೈಲಾನ್ ಬ್ರಷ್ಷಿನಿಂದ ಮುಕ್ಕಾಲು ಕೊಳೆ ಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಹಚ್ಚಿ, ಕೆಲವು ನಿಮಿಷದಲ್ಲೇ ಚೆನ್ನಾಗಿ ತೊಳೆಯಿರಿ. ಉಳಿದ ಕಪ್ಪು ಉಳಿಯಲಿ, ಅದರಿಂದ ದೋಣಿಗೆ ತೊಂದರೆಯಿಲ್ಲ.

## ಲೋಹದ ಮತ್ತು ಮರದ ಕೆಲಸ

ರಿವೆಟ್ ಸಡಿಲಾಗ್ಯಾವ. ಹೊಸಾವ ಹೊಡಿಬೇಕೋ, ಎಲ್ಲಾ ವೆಲ್ಡಿಂಗ್ ಮಾಡಿಸಿಬಿಡಬೇಕೋ?

ರಿವೆಟ್ಟಿನ ದೋಣಿಯನ್ನು ರಿವೆಟ್ಟಿನಿಂದಲೇ ದುರಸ್ತಿ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತೆಳು ತಗಡಿನ ಮೇಲೆ ಒಂದು ರಿವೆಟ್ಟಿಗೆ ವೆಲ್ಡಿಂಗ್ ಕೊಟ್ಟರೆ ಆ ಶಾಖಕ್ಕೆ ತಗಡು ಸೊಟ್ಟಗಾಗಿ, ಪಕ್ಕದ ರಿವೆಟ್‌ಗಳು ಸಡಿಲವಾಗಿ, ಜೋಡಣೆಯೊಳಗಿನ ಸೀಲಂಟ್ ಸುಟ್ಟು, ಒಂದು ಸೋರಿಕೆಯ ಜಾಗದಲ್ಲಿ ನಾಲ್ಕು ಹುಟ್ಟುತ್ತವೆ.

ಸಡಿಲವಾದ ಆದರೆ ಸವೆಯದ ರಿವೆಟ್ಟನ್ನು ಮತ್ತೆ ಬಿಗಿ ಮಾಡಬಹುದು. ಒಬ್ಬರು ಒಂದು ಕಡೆಯಿಂದ ಭಾರದ ಉಕ್ಕಿನ ತುಂಡನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮತ್ತೊಂದು ಕಡೆಯಿಂದ ಸಣ್ಣ ಸಣ್ಣ ಪೆಟ್ಟು ಕೊಡಬೇಕು. ಜೋರಾದ ಒಂದು ಪೆಟ್ಟು ತಗಡನ್ನು ತಗ್ಗು ಮಾಡುತ್ತದೆಯೇ ಹೊರತು ರಿವೆಟ್ಟನ್ನು ಬಿಗಿಸುವುದಿಲ್ಲ. ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಹಳೆಯದರ ತಲೆಯನ್ನು ಡ್ರಿಲ್ ಮಾಡಿ ತೆಗೆದು, ಮುಂದಿನ ಅಳತೆಯದನ್ನು, ಅಂದರೆ 4.8 ಮಿ.ಮೀ. ಇದ್ದಲ್ಲಿ 6.4 ಮಿ.ಮೀ.ಯದನ್ನು, ಸೀಲಂಟಿನಲ್ಲಿ ಅದ್ದಿ ಹಾಕಿ. ಹಿಂದಿನಿಂದ ಕೈ ಹೋಗದ ಕಡೆ ಪಾಪ್ ರಿವೆಟ್ ಹಾಕಬಹುದು, ಆದರೆ ತುದಿ ಮುಚ್ಚಿದ ಬಗೆಯದ್ದೇ ಬೇಕು. ಸಾದಾ ಪಾಪ್ ರಿವೆಟ್ಟಿನ ನಡುವೆ ಟೊಳ್ಳು ಇರುತ್ತದೆ, ಅದರಲ್ಲಿ ಮುರಿದು ಉಳಿಯುವ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ.

ಇದನ್ನು ಬಲ್ಲವರು ದೋಣಿ ಕಟ್ಟುವವರೇ ಆಗಬೇಕಿಲ್ಲ. ಬಸ್ಸು, ಲಾರಿಗಳ ಬಾಡಿ ಕಟ್ಟುವವರಿಗೆ ಅಲ್ಯೂಮಿನಿಯಂ ತಗಡು ಮತ್ತು ರಿವೆಟ್ ದಿನನಿತ್ಯದ ಕೆಲಸ. ನೀರು ಒಳಬರಬಾರದು ಎಂಬುದನ್ನು ಮಾತ್ರ ಅವರಿಗೆ ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಬಸ್ಸಿಗೆ ಆ ಚಿಂತೆ ಇಷ್ಟಿಲ್ಲ.

ತೂತಿಗೆ ತೇಪೆ ಹಾಕುವಾಗ ಮೊದಲು ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಆಗ ಬಿರುಕು ಮುಂದಕ್ಕೆ ಓಡುವುದಿಲ್ಲ. ತೇಪೆಯ ತಗಡು 5052 ಎಂಬ ಮಿಶ್ರಲೋಹದ್ದಾಗಿರಲಿ, ಮೂಲೆಗಳು ದುಂಡಗಿರಲಿ, ಸುತ್ತಲೂ 3 ಸೆಂ.ಮೀ.ಯಷ್ಟು ಹೊದಿಕೆ ಇರಲಿ, ರಿವೆಟ್‌ಗಳ ನಡುವೆ 2 ರಿಂದ 2.5 ಸೆಂ.ಮೀ. ಅಂತರ ಇರಲಿ.

ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯವರು ‘ಮಾಡಿಕೊಡ್ತೀನಿ’ ಅಂತಿದ್ದಾರೆ. ಕೊಡಲೆ?

ಅವರ ಹತ್ತಿರ ಆರ್ಗಾನ್ ಸಿಲಿಂಡರ್ ಮತ್ತು ಎ.ಸಿ. ವಿದ್ಯುತ್ ಕೊಡುವ ಟಿಗ್ ಯಂತ್ರ (ಆರ್ಗಾನ್ ಅನಿಲದ ಮರೆಯಲ್ಲಿ ಬೆಸೆಯುವಂಥದ್ದು) ಇದೆಯೇ ಎಂದು ಮೊದಲು ಕೇಳಿ. ಗೇಟು, ಗ್ರಿಲ್ ಕೂರಿಸುವ ಸಾಮಾನ್ಯ ರಾಡ್ ವೆಲ್ಡಿಂಗಿನಿಂದ ಇದು ಆಗುವುದಿಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಆ ಪದರವನ್ನು ಒಡೆಯದೆ ಶಾಖ ಕೊಟ್ಟರೆ ಮೇಲ್ಮೈ ಹಾಗೇ ಇದ್ದು ಒಳಗಿನ ಲೋಹ ಕುಸಿದು ತೂತಾಗುತ್ತದೆ. ತಗಡು 5052 ಆಗಿದ್ದರೆ 5356 ಎಂಬ ಫಿಲ್ಲರ್, ಅಂದರೆ ಬೆಸುಗೆಗೆ ಕರಗಿಸಿ ತುಂಬುವ ಕಡ್ಡಿ, ಸರಿ. ಉಜ್ಜಲು ಸ್ಟೇನ್‌ಲೆಸ್ ಬ್ರಷ್ ಬೇಕು, ಅದೂ ಕಬ್ಬಿಣ ಮುಟ್ಟದ್ದು, ಏಕೆಂದರೆ ಬ್ರಷ್ ಮತ್ತು ಗ್ರೈಂಡರ್ ಕಲ್ಲಿಗೆ ಅಂಟಿದ ಕಬ್ಬಿಣದ ಕಣಗಳು ಅಲ್ಯೂಮಿನಿಯಮಿನೊಳಗೆ ಹೂತು ಮುಂದೆ ತುಕ್ಕಿನ ಬೀಜವಾಗುತ್ತವೆ.

ಕಲಬುರಗಿಯ ಕಪನೂರ, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸುವುದು ಒಳ್ಳೆಯದು. ಅದೇ ದಪ್ಪದ ಎರಡು ತುಂಡು ತಗಡು ಕೊಟ್ಟು ಬೆಸೆಯಲು ಹೇಳಿ, ಆಮೇಲೆ ಅದನ್ನು ವೈಸಿನಲ್ಲಿ ಕಚ್ಚಿಸಿ ಬಗ್ಗಿಸಿ ನೋಡಿ. ಬೆಸುಗೆಯ ಗೆರೆಯಲ್ಲೇ ಮುರಿದರೆ ನಮಸ್ಕಾರ ಹೇಳಿ ಬನ್ನಿ. ದೋಣಿಯನ್ನು ಒಯ್ಯುವ ಮುಂಚೆ ಪೆಟ್ರೋಲ್ ಟ್ಯಾಂಕು ಮತ್ತು ಒಳಗಿನ ಫೋಮನ್ನು ಪೂರ್ತಿ ತೆಗೆಯಲೇಬೇಕು. ಸುಡುವ ಪಾಲಿಯುರೆಥೇನ್ ಫೋಮಿನ ಹೊಗೆ ಪ್ರಾಣಕ್ಕೆ ಎರವಾಗುವಂಥದ್ದು.

ಟ್ರಾನ್ಸಮಿನ ಮರ ಕೊಳೆತಿದೆ. ಯಾವ ಮರ ಹಾಕಿಸಬೇಕು?

ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ಡಿನ 18 ಮಿ.ಮೀ. ಹಾಳೆ ಎರಡನ್ನು ಎಪಾಕ್ಸಿಯಿಂದ ಅಂಟಿಸಿದರೆ ಹೆಚ್ಚಿನ ದೋಣಿಗಳಿಗೆ ಬೇಕಾದ ದಪ್ಪ ಬರುತ್ತದೆ. ಹಳೆಯ ಮರವನ್ನು ಆದಷ್ಟು ಇಡಿಯಾಗಿ ಹೊರತೆಗೆದು ಅದನ್ನೇ ಅಳತೆಗೆ ಇಟ್ಟುಕೊಳ್ಳಿ. ಪುಡಿಯಾಗಿದ್ದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳಿ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಹುಳ ಹಿಡಿಯದಂತೆ ಪ್ಲೈವುಡ್ಡಿಗೂ ಮರಕ್ಕೂ ಕುಡಿಸುವ ರಾಸಾಯನಿಕಗಳಲ್ಲಿ ಹಲವು ತಾಮ್ರವನ್ನು ಹೊಂದಿರುತ್ತವೆ. ಅಂಥ ಹಲಗೆ ಒದ್ದೆಯಾಗಿ ಅಲ್ಯೂಮಿನಿಯಮಿಗೆ ನೇರವಾಗಿ ತಾಗಿದರೆ, ಮರ ಉಳಿದು ದೋಣಿ ಹೋಗುತ್ತದೆ. ಆದ್ದರಿಂದ ಎಲ್ಲ ಮುಖಗಳಿಗೆ, ಅದರಲ್ಲೂ ಕತ್ತರಿಸಿದ ಅಂಚುಗಳಿಗೆ, ಮೂರು ಸಲ ಎಪಾಕ್ಸಿ ಬಳಿದು ಮರವನ್ನು ಪೂರ್ತಿ ಮುಚ್ಚಬೇಕು. ಬೋಲ್ಟಿನ ತೂತುಗಳನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯಲ್ಲಿ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಸುತ್ತ ಇಳಿದ ನೀರು ಮರವನ್ನು ಮುಟ್ಟುವುದಿಲ್ಲ. ಟ್ರಾನ್ಸಮಿನ ಎತ್ತರವನ್ನೂ ಈಗಲೇ ಅಳೆಯಿರಿ: ಗಿಡ್ಡ ಶಾಫ್ಟಿನ ಎಂಜಿನ್ನಿಗೆ ಸುಮಾರು 15 ಇಂಚು, ಉದ್ದ ಶಾಫ್ಟಿಗೆ 20 ಇಂಚು.

ನೆಲದ ಹಲಗೆ ಕೆಳಗೆ ಸ್ಪಂಜಿನಂಥದು ತುಂಬಿದೆ, ನೀರು ಕುಡಿದು ಭಾರ ಆಗಿದೆ. ಕಿತ್ತು ಹಾಕಿ ಖಾಲಿ ಬಿಟ್ಟರೆ ನಡೆಯುತ್ತಾ?

ಕಿತ್ತು ಹಾಕಿ, ಆದರೆ ಖಾಲಿ ಬಿಡಬೇಡಿ. ದೋಣಿಗೆ ನೀರು ತುಂಬಿದಾಗ ಅದನ್ನು ತೇಲಿಸುವುದು ಅದೇ. ಹೊಸದಾಗಿ ಹಾಕುವುದು ನೀರು ಹೀರದ, ಮುಚ್ಚಿದ ಕಣಗಳ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಾಳೆಯಾಗಿರಲಿ. ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮೋಕೋಲು ನಿಧಾನವಾಗಿ ನೀರು ಹೀರುತ್ತದೆ. ಎರಡೂ ಪೆಟ್ರೋಲ್ ತಾಗಿದರೆ ಕರಗುತ್ತವೆ, ಆದ್ದರಿಂದ ಇಂಧನದ ಟ್ಯಾಂಕಿನ ಪಕ್ಕ ಇಡಬೇಡಿ. ಹಾಳೆಗಳನ್ನು ತಳದ ತಗಡಿಗೆ ಅಂಟಿಸದೆ, ಕೆಳಗೆ ನೀರು ಹರಿದು ಹಿಂಬದಿಯ ತೂತಿಗೆ ಹೋಗುವಷ್ಟು ಸಂದು ಬಿಟ್ಟು ಕೂರಿಸಿ. ನೆಲಕ್ಕೆ 12 ಮಿ.ಮೀ. ಪ್ಲೈವುಡ್ ಸಾಕು, ಅದನ್ನೂ ಎಪಾಕ್ಸಿಯಿಂದ ಮುಚ್ಚಿ. ಕಾರ್ಪೆಟ್ ಬೇಡ, ಮೀನಿನ ಲೋಳೆ, ಕೆಸರು, ನೀರು ಮೂರನ್ನೂ ಅದು ಹಿಡಿದಿಡುತ್ತದೆ.

## ತಾಗುವ ಲೋಹಗಳು, ಬಣ್ಣ, ಇಡುವ ಜಾಗ

ದುಬಾರಿ ಸ್ಟೇನ್‌ಲೆಸ್ ಬೋಲ್ಟೇ ಹಾಕಿದ್ದೆ. ಆದರೂ ಸುತ್ತ ಬಿಳಿ ಪುಡಿ ಬಂದಿದೆ, ಯಾಕೆ?

ಎರಡು ಬೇರೆ ಲೋಹಗಳು ಒದ್ದೆಯಲ್ಲಿ ಮುಟ್ಟಿಕೊಂಡರೆ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿಯುತ್ತದೆ, ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಸವೆಯುವುದು ಅಲ್ಯೂಮಿನಿಯಮ್ಮೇ. ಸ್ಟೇನ್‌ಲೆಸ್ ಬೋಲ್ಟ್ ಸಣ್ಣದು, ದೋಣಿಯ ತಗಡು ದೊಡ್ಡದು, ಆದ್ದರಿಂದ ಹಾನಿ ನಿಧಾನ. ಆದರೂ ಬೋಲ್ಟಿನ ಕೆಳಗೆ ನೈಲಾನ್ ವಾಷರ್ ಮತ್ತು ಎಳೆಗಳಿಗೆ ಸೀಲಂಟ್ ಹಾಕಿ ಎರಡನ್ನೂ ಬೇರೆ ಮಾಡಬೇಕು. ಹಿತ್ತಾಳೆಯ ಸ್ಕ್ರೂ, ಕೊಂಡಿ, ನಲ್ಲಿಗಳನ್ನು ದೋಣಿಯ ಹತ್ತಿರಕ್ಕೂ ತರಬೇಡಿ.

ಗಂಗವ್ವಗ ಪೂಜಿ ಮಾಡಿ ತಾಮ್ರದ ಯಂತ್ರ ಬಡಿತೀವಿ, ರೊಕ್ಕ ಹಾಕ್ತೀವಿ. ಅದರಿಂದ ದೋಣಿಗಿ ಏನಾರ ಆಗ್ತದೇನ್ರಿ?

ಪೂಜೆಯಿಂದ ಏನೂ ಆಗುವುದಿಲ್ಲ, ತಾಮ್ರವನ್ನು ಮೊಳೆಯಿಂದ ಬಡಿಯುವುದರಿಂದ ಆಗುತ್ತದೆ. ಮರದ ದೋಣಿಯ ಕಾಲದಲ್ಲಿ ಅದು ಸರಿಯಿತ್ತು. ಅಲ್ಯೂಮಿನಿಯಮಿಗೆ ಬಡಿದ ತಾಮ್ರದ ತಗಡು, ಪ್ರತಿ ಮಳೆಗೂ ಪ್ರತಿ ಅಲೆಗೂ ಒದ್ದೆಯಾಗಿ, ತನ್ನ ಅಡಿಯ ಲೋಹವನ್ನು ತೂತು ಮಾಡುತ್ತದೆ. ಯಂತ್ರವನ್ನು ಮೂತಿಯ ಮರದ ಹಲಗೆಗೆ, ನೀರು ಇಳಿದರೆ ತಗಡಿಗೆ ತಾಗದ ಕಡೆ ಕಟ್ಟಿ. ಅರ್ಪಿಸಿದ ಹಣವನ್ನು ತಳದಲ್ಲಿ ಬಿಡಬೇಡಿ. ಹಳದಿ ಬಣ್ಣದ ಐದು ರೂಪಾಯಿ ನಾಣ್ಯದಲ್ಲಿ ತಾಮ್ರವೇ ಹೆಚ್ಚು, ಕೆಸರು ನೀರಿನಲ್ಲಿ ಅದು ಒಂದು ಮಳೆಗಾಲ ಒಂದೇ ಕಡೆ ಕುಳಿತರೆ ಅದರ ಗುರುತು ತಗಡಿನ ಮೇಲೆ ಬೀಳುತ್ತದೆ. ಇದೇ ಕಾರಣಕ್ಕೆ ವೈರಿನ ತುಂಡು, ಬಂದೂಕಿನ ಹಿತ್ತಾಳೆ ತೋಟಾ, ಹಳೆಯ ಬೀಗದ ಕೈ ಯಾವುದನ್ನೂ ಒಳಗೆ ಉಳಿಸಬಾರದು.

ಬೀದರನಾಗ ಸತುವಿಗಿ ಬರ ಇಲ್ಲ. ಸತುವಿನ ತುಂಡು ಕಟ್ಟಿದ್ರ ದೋಣಿ ಉಳಿತದ ಅಂತಾರ, ಖರೇನಾ?

ಸಮುದ್ರದಲ್ಲಿ ಖರೆ. ಅಲ್ಲಿ ಸತು ತಾನು ಸವೆದು ದೋಣಿಯನ್ನು ಉಳಿಸುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ, ಅಲ್ಲಿ ಮೆಗ್ನೀಷಿಯಂ ತುಂಡು ಬೇಕು. ಬಿದರಿ ಕೆಲಸದ ಚೂರುಗಳು ತಾಮ್ರ ಬೆರೆತ ಸತುವಾದ್ದರಿಂದ ಅವು ಇದಕ್ಕೆ ತಕ್ಕವಲ್ಲ. ಆದರೆ ಪ್ರತಿ ದಿನ ದಡಕ್ಕೆ ಎಳೆಯುವ ಸಣ್ಣ ದೋಣಿಗೆ ಇದಾವುದೂ ಬೇಕಿಲ್ಲ.

ಬಣ್ಣ ಹಚ್ಚಿದರೆ ವರ್ಷದೊಳಗೆ ಹಾಳೆ ಹಾಳೆಯಾಗಿ ಏಳುತ್ತದೆ. ತಪ್ಪು ಎಲ್ಲಿದೆ?

ಬಹುತೇಕ ಪ್ರೈಮರಿನಲ್ಲಿ. ಕಿಟಕಿ ಸರಳಿಗೆ ಹಚ್ಚುವ ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಆದದ್ದು. ಅಲ್ಯೂಮಿನಿಯಮಿಗೆ ಲೋಹವನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಅಥವಾ ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್ ಬೇಕು. ಜಿಂಕ್ ಕ್ರೋಮೇಟ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಧೂಳು ಕ್ಯಾನ್ಸರ್ ತರುವಂಥದ್ದು, ದೂರವಿಡಿ. 80 ಅಥವಾ 120 ನಂಬರಿನ ಪೇಪರಿನಿಂದ ಉಜ್ಜಿ, ಜಿಡ್ಡು ಒರೆಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು, ಏಕೆಂದರೆ ಉಜ್ಜಿದ ಲೋಹದ ಮೇಲೆ ಆಕ್ಸೈಡ್ ಕೂಡಲೇ ಮತ್ತೆ ಬೆಳೆಯತೊಡಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಬಣ್ಣ ಹರಡುವ ಮೊದಲೇ ಒಣಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ, ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಮಾಡಿ. ಒಳಗೆ ತಿಳಿ ಬಣ್ಣವೇ ಇರಲಿ. ಬಣ್ಣವನ್ನೇ ಹಚ್ಚದಿದ್ದರೂ ಸಿಹಿನೀರಿನಲ್ಲಿ ತೊಂದರೆಯಿಲ್ಲ ಎಂಬುದನ್ನು ಬಣ್ಣದ ಅಂಗಡಿಯವರು ಹೇಳುವುದಿಲ್ಲ.

ಮೀನು ಹಿಡಿಯದ ತಿಂಗಳಲ್ಲಿ ಹೊಲದ ಮನೆಯಲ್ಲಿ ಇಡ್ತೇವೆ. ಅಷ್ಟು ಸಾಲದೆ?

ಯಾವುದರ ಜೊತೆ ಇಡುತ್ತೀರಿ ಎಂಬುದರ ಮೇಲಿದೆ. ಪೊಟ್ಯಾಷ್ ಗೊಬ್ಬರದ ಚೀಲದಲ್ಲಿರುವುದು ಕ್ಲೋರೈಡ್, ಅದು ಉಪ್ಪಿನಂತೆಯೇ ತಿನ್ನುತ್ತದೆ. ಒಲೆಯ ಬೂದಿ, ಸುಣ್ಣ, ಒದ್ದೆ ಸಿಮೆಂಟ್ ಎಲ್ಲವೂ ಕ್ಷಾರ. ವಾಡಿ, ಸೇಡಂ, ಶಹಾಬಾದ್ ಕಡೆಯವರು ಸಿಮೆಂಟ್ ಧೂಳು ಕುಳಿತ ದೋಣಿಯನ್ನು ಮೊದಲ ಮಳೆಗೆ ಮುಂಚೆಯೇ ತೊಳೆದಿಡಬೇಕು. ನಮ್ಮ ಎರೆ ಮಣ್ಣು ಕೂಡ ನೀರನ್ನು ಹಿಡಿದು ತಗಡಿಗೆ ಅಂಟಿಕೊಂಡು ಕೂರುತ್ತದೆ, ಹಾಗಾಗಿ ನೆಲಕ್ಕೆ ತಾಗಿಸದೆ ಎರಡು ಒಣ ದಿಮ್ಮಿಗಳ ಮೇಲೆ ಬೋರಲು ಹಾಕಿ, ಗಾಳಿ ಆಡುವಂತೆ ಬಿಡಿ.

## ಎಂಜಿನ್, ವಿದ್ಯುತ್, ಭಾರ

ಹಳೇ ಟೂ-ಸ್ಟ್ರೋಕ್ ಎಂಜಿನ್ ಸಿಕ್ಕದ. ಈಗಿನ ಪೆಟ್ರೋಲ್ ನಡೀತದೇನು?

ಈಗ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಎಂಜಿನ್ನಿನ ರಬ್ಬರ್ ಪೈಪು, ವಾಷರುಗಳನ್ನು ಅದು ಮೆತ್ತಗೆ ಮಾಡುತ್ತದೆ. ಅವನ್ನು ಎಥೆನಾಲ್ ತಡೆಯುವಂಥವುಗಳಿಂದ ಬದಲಿಸಿ. ಎಥೆನಾಲ್ ಗಾಳಿಯ ತೇವವನ್ನೂ ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು, ಕಾರ್ಬುರೇಟರನ್ನು ಬರಿದು ಮಾಡಿ ಇಡಬೇಕು. ಆಯಿಲ್ ಪ್ರಮಾಣ 50ಕ್ಕೆ 1 ಎಂದು ಬರೆದಿದ್ದರೆ 5 ಲೀಟರಿಗೆ 100 ಮಿ.ಲೀ.; ಅದು ಮೋಟಾರ್‌ಸೈಕಲ್ಲಿನ 2ಟಿ ಆಯಿಲ್ ಅಲ್ಲ, ನೀರಿನಿಂದ ತಣಿಯುವ ದೋಣಿ ಎಂಜಿನ್ನಿಗೆಂದೇ ಇರುವ ಟಿಸಿ-ಡಬ್ಲ್ಯು3 ಗುರುತಿನದು. ತಣಿಸುವ ನೀರನ್ನು ಎಳೆಯುವ ರಬ್ಬರ್ ಇಂಪೆಲ್ಲರನ್ನು ಕಣ್ಣುಮುಚ್ಚಿ ಹೊಸದು ಹಾಕಿ, ಮತ್ತು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸದೆ ಎಂದೂ ಚಾಲೂ ಮಾಡಬೇಡಿ.

ಬ್ಯಾಟರಿ, ಲೈಟು, ಸಣ್ಣ ಮೋಟರ್ ಕೂಡಿಸಬೇಕು. ಟ್ರ್ಯಾಕ್ಟರ್ ವೈರಿಂಗ್ ಮಾಡುವವರು ಮಾಡಿದರೆ ಸಾಕೆ?

ಕೈ ಅವರದೇ ಇರಲಿ, ಅಭ್ಯಾಸ ಬದಲಾಗಬೇಕು. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ನೆಗೆಟಿವ್ ಅನ್ನು ಚಾಸಿಗೆ ಕೊಟ್ಟು ಅದನ್ನೇ ಮರಳುದಾರಿ ಮಾಡುತ್ತಾರೆ. ಅಲ್ಯೂಮಿನಿಯಂ ದೋಣಿಯಲ್ಲಿ ಹಾಗೆ ಮಾಡಿದರೆ ವಿದ್ಯುತ್ ತಗಡಿನಿಂದ ನೀರಿಗೆ ದಾರಿ ಹುಡುಕಿ, ವರ್ಷಗಳಲ್ಲಿ ಆಗುವ ಸವೆತವನ್ನು ವಾರಗಳಲ್ಲಿ ಮಾಡಬಲ್ಲದು. ಪ್ರತಿ ದೀಪಕ್ಕೂ ಮೋಟರಿಗೂ ಹೋಗುವ ಮತ್ತು ಬರುವ ಎರಡೂ ವೈರ್ ಬೇರೆಯೇ ಇರಬೇಕು. ತವರ ಲೇಪಿಸಿದ ವೈರ್ ಬಳಸಿ, ಪಕ್ಕೆಲುಬಿನ ತೂತಿನಲ್ಲಿ ರಬ್ಬರ್ ಬಳೆ ಹಾಕಿ, ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಕೂರಿಸಿ. 100 ಆ್ಯಂಪಿಯರ್-ಅವರ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸುವುದು ಅದರ ಬಾಳಿಕೆಗೆ ಒಳ್ಳೆಯದು. 25 ಆ್ಯಂಪಿಯರ್ ಎಳೆಯುವ ಮೋಟರನ್ನು ಅದು ಎರಡು ತಾಸೂ ಪೂರ್ತಿ ನಡೆಸುವುದಿಲ್ಲ.

ಮುಂದ ಎತ್ತರಕ್ಕ ಕಟ್ಟಿ ಮಾಡ್ಸಿ ನಿಂತು ಬಲೆ ಬೀಸಬೇಕಂತ ಮಾಡೀವಿ. ಎಷ್ಟು ಮಂದಿ ಕೂಡಬಹುದು?

ಸಣ್ಣ ದೋಣಿಗಳಿಗೆ ಬಳಕೆಯಲ್ಲಿರುವ ಒಂದು ಅಂದಾಜು ಇದೆ: ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ. 12 ಅಡಿ ಉದ್ದ, 4 ಅಡಿ ಅಗಲಕ್ಕೆ ಮೂರು ಜನ, ಅದೂ ಶಾಂತ ನೀರಿನಲ್ಲಿ, ಕುಳಿತುಕೊಂಡು. ಎತ್ತರದ ಕಟ್ಟೆಯ ಮೇಲೆ ನಿಂತ ಒಬ್ಬರು ದೋಣಿಯನ್ನು ಮಗುಚುವ ವಿಷಯದಲ್ಲಿ ಕುಳಿತ ಇಬ್ಬರಿಗಿಂತ ಹೆಚ್ಚು ಅಪಾಯ. ಕಟ್ಟೆಯನ್ನು ದೋಣಿಯ ಮೇಲಂಚಿಗಿಂತ ಒಂದು ಗೇಣು ಕೆಳಗೇ ನಿಲ್ಲಿಸಿ. ಎಷ್ಟು ಈಜು ಬಂದರೂ ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನಡಿ ಅಲ್ಲ.

ನೀರು ತುಂಬಿದರೂ ಮುಳುಗಬಾರದು ಅಂದರೆ ಎಷ್ಟು ಫೋಮ್ ಬೇಕು, ಲೆಕ್ಕ ಹೇಗೆ?

ನೀರಿನಲ್ಲಿ ಮುಳುಗಿದ ಅಲ್ಯೂಮಿನಿಯಂ ತನ್ನ ತೂಕದ ಸುಮಾರು 63% ಮಾತ್ರ ತೂಗುತ್ತದೆ. ದೋಣಿ 100 ಕೆ.ಜಿ. ಇದ್ದರೆ ಅದನ್ನು ಎತ್ತಿ ಹಿಡಿಯಲು 63 ಕೆ.ಜಿ. ಬೇಕು. ಎಂಜಿನ್ ಮತ್ತು ಬ್ಯಾಟರಿಗೆ ರಿಯಾಯಿತಿ ಇಟ್ಟುಕೊಳ್ಳದೆ ಪೂರ್ತಿ ತೂಕವನ್ನೇ ಕೂಡಿಸಿ. ಅವು ತಲಾ 25 ಕೆ.ಜಿ. ಎಂದುಕೊಂಡರೆ ಒಟ್ಟು 113 ಕೆ.ಜಿ. ಪ್ಲೈವುಡ್ ತನ್ನನ್ನು ತಾನು ತೇಲಿಸಿಕೊಳ್ಳುತ್ತದೆ. ನೀರಿನಲ್ಲಿರುವ ಜನ ಅಂಚು ಹಿಡಿದು ನೇತಾಡಲು ಇನ್ನೂ 40–50 ಕೆ.ಜಿ. ಸೇರಿಸಿ. ಒಂದು ಲೀಟರ್ ಗಾತ್ರದ ಒಳ್ಳೆಯ ಫೋಮ್ ತನ್ನ ತೂಕ ಕಳೆದು ಹೆಚ್ಚುಕಡಿಮೆ 0.97 ಕೆ.ಜಿ. ಎತ್ತುತ್ತದೆ, ಅಂದರೆ ಇಂಥ ದೋಣಿಗೆ ಸುಮಾರು 170 ಲೀಟರ್ ಗಾತ್ರದ ಫೋಮ್ ಬೇಕಾಗುತ್ತದೆ.

ಎಲ್ಲಿ ಇಡುತ್ತೀರಿ ಎಂಬುದು ಎಷ್ಟು ಎಂಬುದರಷ್ಟೇ ಮುಖ್ಯ. ಎಲ್ಲವನ್ನೂ ನೆಲದಡಿ ತುಂಬಿದರೆ ನೀರು ತುಂಬಿದ ದೋಣಿ ತಳ ಮೇಲಾಗಿ ತಿರುಗುತ್ತದೆ. ಅರ್ಧದಷ್ಟನ್ನಾದರೂ ಎರಡೂ ಬದಿಯ ಮೇಲಂಚಿನ ಕೆಳಗೆ ಸಮನಾಗಿ ಹಂಚಿ, ಒಂದಷ್ಟನ್ನು ಎಂಜಿನ್ನಿನ ಎರಡೂ ಪಕ್ಕಕ್ಕೆ ಕೊಡಿ, ಏಕೆಂದರೆ ಮೊದಲು ಮುಳುಗುವುದು ಹಿಂಬದಿ. ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಎದೆಮಟ್ಟದ ನೀರಿನಲ್ಲಿ, ಎಂಜಿನ್ ಮತ್ತು ಬ್ಯಾಟರಿಯ ಬದಲು ಅಷ್ಟೇ ತೂಕದ ಮರಳು ಚೀಲಗಳನ್ನು ಅವುಗಳ ಜಾಗದಲ್ಲಿ ಕಟ್ಟಿ, ಹಿಂಬದಿಯ ಬಿರಡೆ ತೆಗೆದು ದೋಣಿಗೆ ನೀರು ತುಂಬಲು ಬಿಡಿ. ಮೇಲಂಚು ನೀರಿನ ಮಟ್ಟದಲ್ಲಿ ಸಮನಾಗಿ ನಿಂತರೆ ಫೋಮನ್ನು ಅಲ್ಲೇ ಪಟ್ಟಿಗಳಿಂದ ಬಿಗಿಯಿರಿ. ಹಿಂದಕ್ಕೆ ವಾಲಿದರೆ ಅಷ್ಟನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಕೊಟ್ಟು ಮತ್ತೊಮ್ಮೆ ಮುಳುಗಿಸಿ ನೋಡಿ.